ನಾಗಲಿಂಗದ ಬುಡದ ಮೊದಲ ದೀಪ

ಭದ್ರಾವತಿಯ ಬಂಗಲೆ ತೋಟಕ್ಕೆ ನಾನು ಈಗ ಹೋಗುವುದಿಲ್ಲ. ಶಿವಮೊಗ್ಗದ ಕೋಟೆ ಹತ್ತಿರದ ನಮ್ಮ ಮನೆಯಿಂದ ಬಸ್ಸು ಹಿಡಿದರೆ ಮುಕ್ಕಾಲು ಗಂಟೆಯ ದಾರಿ. ಮಂಡಿ ನೋವು ಎಂದು ಮನೆಯವರಿಗೆ ಹೇಳಿದ್ದೇನೆ. ಮಂಡಿಗೇನೂ ಆಗಿಲ್ಲ, ದಿನಾ ಮೂರು ಸಲ ಮಹಡಿ ಹತ್ತಿ ಇಳಿಯುತ್ತೇನೆ.

ಕಾರ್ಖಾನೆಯ ಹೊಗೆ ಇನ್ನೂ ಜೋರಾಗಿದ್ದ ಕಾಲದಲ್ಲಿ ಯಾರೋ ದೊಡ್ಡ ಸಾಹೇಬರು ಇದ್ದ ಬಂಗಲೆ ಅದು. ಅವರಿಗೆ ಗಿಡಗಳ ಹುಚ್ಚಂತೆ. ಯಾವ ಯಾವ ದೇಶದಿಂದಲೋ ಬೀಜ ತರಿಸಿ ನೆಟ್ಟು ಹೋದರು. ಬಂಗಲೆಗೆ ಬೀಗ ಬಿದ್ದು ಎಷ್ಟೋ ಕಾಲವಾಗಿದೆ, ತೋಟವನ್ನು ಮಾತ್ರ ಜನರಿಗೆ ಬಿಟ್ಟಿದ್ದಾರೆ. ಬೀಸಣಿಗೆಯಂತೆ ಎಲೆ ಬಿಚ್ಚುವ ಮಡಗಾಸ್ಕರದ ಬಾಳೆ, ದೊಡ್ಡ ಸೌತೆಕಾಯಿಯಂಥ ಕಾಯಿಗಳನ್ನು ಉದ್ದದ ದಾರದಲ್ಲಿ ಇಳಿಬಿಟ್ಟ ಆಫ್ರಿಕಾದ ಮರ, ಕಂಬದ ಹಾಗೆ ನೆಟ್ಟಗೆ ನಿಂತ ಪಾಮ್‌ಗಳು, ಅವುಗಳ ಕೊನೆಯಲ್ಲಿ ನಾಗಲಿಂಗ.

ಅಲ್ಲೇ ಹತ್ತಿರದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಪ್ರತಿ ವರ್ಷ ಆರನೇ ಕ್ಲಾಸಿನವರನ್ನು ಸಾಲಾಗಿ ನಡೆಸಿಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ನಾಗಲಿಂಗದ ಹೂವಿಗೆ ಕೊಂಬೆ ಬೇಡ, ಕಾಂಡದ ಮೇಲೇ ಬಿಡುತ್ತದೆ. ಹೆಡೆಯ ಕೆಳಗೆ ಪುಟ್ಟ ಲಿಂಗ ಕೂತಂತೆ ಕಾಣುತ್ತದೆ. ಈ ಮರ ನಮ್ಮ ದೇಶದ್ದಲ್ಲ, ದಕ್ಷಿಣ ಅಮೆರಿಕದ್ದು ಎಂದು ನಾನು ಹೇಳಿದರೆ ಮಕ್ಕಳು ನಂಬುತ್ತಿರಲಿಲ್ಲ. ‘ಹಂಗಾದ್ರೆ ಶಿವ ಅಲ್ಲೂ ಇದಾನಾ ಮಿಸ್?’ ಎಂದು ಒಬ್ಬಳು ಕೇಳಿದ್ದಳು. ಪಾಠ ಮಾಡುವವಳು ನಾನೇ ಆದರೂ ನಮ್ಮದು ಹಣೆಗೆ ವಿಭೂತಿ ಇಡದೆ ನೀರೂ ಕುಡಿಯದ ಮನೆ. ಏನು ಹೇಳಲಿ? ‘ಎಲ್ಲ ಕಡೆನೂ ಇದಾನೆ, ಲೈನ್ ತಪ್ಪಿಸಬೇಡ’ ಎಂದಿದ್ದೆ.

ಆ ತೋಟದ ಮಾಲಿಯನ್ನು ಮಕ್ಕಳು ಚಾಚಾ ಎನ್ನುತ್ತಿದ್ದರು, ಕ್ರಮೇಣ ನಾನೂ ಹಾಗೇ ಕರೆದೆ. ಮೀಸೆ ಮೂಡುವ ಮೊದಲೇ ಕೆಲಸಕ್ಕೆ ಸೇರಿ ಅಲ್ಲೇ ಗಡ್ಡ ಬೆಳ್ಳಗೆ ಮಾಡಿಕೊಂಡವರು. ಶಿವರಾತ್ರಿಯ ಬೆಳಿಗ್ಗೆ ಅವರದೊಂದು ಪದ್ಧತಿಯಿತ್ತು. ರಂಜಾನಿನ ರೋಜಾ ಇರುವ ದಿನವೇ ಆಗಲಿ, ಇಲ್ಲದ ದಿನವೇ ಆಗಲಿ, ಬೆಳಕು ಹರಿಯುವ ಹೊತ್ತಿಗೆ ಬಂದು, ತಾನಾಗಿ ಉದುರಿದ ನಾಗಲಿಂಗದ ಹೂಗಳನ್ನು ಬಾಳೆಲೆ ಹಾಸಿದ ಬುಟ್ಟಿಯಲ್ಲಿ ಆರಿಸಿಟ್ಟು ಗೇಟಿನ ಪಕ್ಕ ಇಡುತ್ತಿದ್ದರು. ಪೂಜೆಗೆ ಬೇಕಾದವರು ಒಂದೊಂದು ಒಯ್ಯಬೇಕು. ಮರದಿಂದ ಕೀಳಲು ಮಾತ್ರ ಬಿಡುತ್ತಿರಲಿಲ್ಲ. ‘ಕೀಳೋದ್ಯಾಕೆ ಟೀಚರಮ್ಮ? ಅದೇ ಕೊಡುತ್ತಲ್ಲ’ ಎನ್ನುತ್ತಿದ್ದರು.

ಇನ್ನು ನಾನು ಮಾಡಿದ ಘನಕಾರ್ಯ. ಕೆಲವು ವರ್ಷಗಳ ಹಿಂದೆ ನನ್ನ ಯಜಮಾನರಿಗೆ ಹೃದಯದ ಆಪರೇಷನ್ ಆಯಿತು. ಮೂರು ದಿನ ಕಣ್ಣು ಬಿಡಲಿಲ್ಲ. ನಾಲ್ಕನೆಯ ಬೆಳಿಗ್ಗೆ ರಜಾ ಅರ್ಜಿ ಕೊಡಲು ಭದ್ರಾವತಿಗೆ ಹೋದವಳು, ಕಾಲು ಎಳೆದುಕೊಂಡು ಹೋದ ಕಡೆ ಹೋಗಿ ನಾಗಲಿಂಗದ ಮುಂದೆ ನಿಂತೆ. ಅಂಗಡಿಯಿಂದ ಹಣತೆ, ಎಣ್ಣೆ, ಒಂದು ಪ್ಯಾಕೆಟ್ ಹಾಲು ತಂದೆ. ಬುಡಕ್ಕೆ ಹಾಲೆರೆದು, ಬೇರಿನ ಸಂದಿಯಲ್ಲಿ ದೀಪ ಹಚ್ಚಿಟ್ಟೆ. ಚಾಚಾ ದೂರದಲ್ಲಿ ನಿಂತು ನೋಡಿದರು. ಸಂಜೆ ಇವರು ಕಣ್ಣು ಬಿಟ್ಟು ಕಾಫಿ ಕೇಳಿದರು.

ಸುಮ್ಮನಿರಬೇಕಿತ್ತು. ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. ಸ್ಟಾಫ್ ರೂಮಿನಲ್ಲಿ ಹೇಳಿದೆ, ಬಸ್ಸಿನಲ್ಲಿ ಹೇಳಿದೆ, ಮದುವೆ ಮನೆಗಳಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮವರು. ಸೋಮವಾರಕ್ಕೆ ಹತ್ತು ದೀಪ, ಆಮೇಲೆ ನೂರು. ಕಾಂಡದ ತುಂಬ ಅರಿಶಿನ, ಎಣ್ಣೆ. ಯಾರೋ ನಾಗರಕಲ್ಲು ತಂದಿಟ್ಟರು. ಬೆಳಿಗ್ಗೆ ವಾಕಿಂಗ್ ಬರುವವರು ಗುಂಪು ಕಟ್ಟಿ, ಬುಡದ ಸುತ್ತ ಮಣ್ಣು ತುಂಬಿ ಸಿಮೆಂಟಿನ ಕಟ್ಟೆ ಕಟ್ಟಲು ಹೊರಟರು.

ಆಗ ಚಾಚಾ ಮೊದಲ ಸಲ ನಮ್ಮ ಮನೆ ಹುಡುಕಿಕೊಂಡು ಬಂದರು. ಅಷ್ಟು ಹೊತ್ತಿಗೆ ಅವರಿಗೂ ನನಗೂ ನಿವೃತ್ತಿಯಾಗಿತ್ತು. ಕುರ್ಚಿಯ ತುದಿಯಲ್ಲಿ ಕೂತು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು.

‘ಟೀಚರಮ್ಮ, ಬುಡ ಮುಚ್ಚಿದ್ರೆ ಮರ ಉಳಿಯಲ್ಲ. ಬೇರಿಗೆ ಉಸಿರು ಬೇಕು. ದೀಪ ಸ್ವಲ್ಪ ದೂರ ಇಡ್ಲಿ, ಹಾಲು ಹಾಕೋದು ಬೇಡ, ಅಷ್ಟೇ. ನೀವೊಂದು ಮಾತು ಹೇಳಿ.’

‘ನೀವೇ ಹೇಳಬಹುದಲ್ಲ ಚಾಚಾ, ನಿಮಗಿಂತ ಯಾರಿಗೆ ಗೊತ್ತು?’

ಅವರು ನನ್ನ ಮುಖವನ್ನೇ ನೋಡಿದರು. ‘ನಾನು ಪೂಜೆ ನಿಲ್ಲಿಸಿ ಅಂತ ಹೇಳೋದಾ?’

ನನಗೆ ನಾಚಿಕೆಯಾಯಿತು. ಹೇಳ್ತೀನಿ ಎಂದು ಮಾತು ಕೊಟ್ಟೆ. ಕಟ್ಟೆಯ ಪೂಜೆಗೆ ಕರೆದಾಗ ಹೇಳಬೇಕೆಂದೇ ಹೋದೆ. ಅಲ್ಲಿ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಹಾರ ಹಾಕಿದರು. ಹಾರದ ಭಾರಕ್ಕೆ ಬಾಯಿ ಕಟ್ಟಿತೆಂದು ಬರೆದರೆ ಸುಳ್ಳಾಗುತ್ತದೆ. ನನಗೆ ಅದು ಹಿತವಾಗಿತ್ತು. ಮನೆಗೆ ಬಂದು ಇವರಿಗೆ ಹೇಳಿದರೆ, ‘ನನ್ನ ಉಳಿಸಿದ್ದು ಡಾಕ್ಟರು ಮಾರಾಯ್ತಿ, ಮರಕ್ಕೆ ಯಾಕೆ ಸಿಮೆಂಟು?’ ಎಂದರು. ಅವತ್ತು ಅವರ ಜೊತೆ ಜಗಳವಾಡಿ ಮಾತು ಬಿಟ್ಟೆ.

ನಾಗಲಿಂಗ ವರ್ಷದಲ್ಲಿ ಒಂದೆರಡು ಸಲ ಎಲೆ ಉದುರಿಸುವ ಮರವೇ. ಹಾಗಾಗಿ ಮೊದಲು ಯಾರಿಗೂ ಅನುಮಾನ ಬರಲಿಲ್ಲ. ಕಟ್ಟೆ ಎದ್ದ ಮೇಲೆ ಉದುರಿದ್ದು ಮತ್ತೆ ಚಿಗುರಲಿಲ್ಲ. ಕಾಂಡ ಬಿರಿದು ಕಪ್ಪು ರಸ ಸುರಿಯತೊಡಗಿತು. ಅಷ್ಟರಲ್ಲಿ ನಮ್ಮ ಹಳೇ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂತು. ಬಿಳಿ ಗಡ್ಡದ ಮುದುಕರೊಬ್ಬರು ಬಕೆಟ್ಟಿನಿಂದ ಕಟ್ಟೆಯ ಬಿರುಕಿಗೆ ಏನೋ ಸುರಿಯುತ್ತಿದ್ದಾರೆ. ಕೆಳಗೆ ಬರೆದಿತ್ತು: ‘ನಮ್ಮ ದೇವರ ಮರಕ್ಕೆ ವಿಷ ಹಾಕುತ್ತಿರುವವನನ್ನು ನೋಡಿ.’

ಅದು ಚಾಚಾ. ಆ ಹಸಿರು ಬಕೆಟ್ ನನಗೆ ಗೊತ್ತು. ಬೇವಿನ ಹಿಂಡಿ ನೆನೆಸಿದ ನೀರು ಅದು. ಶಾಲೆಯ ಗುಲಾಬಿಗೆ ಗೆದ್ದಲು ಹಿಡಿದಾಗ ಅದೇ ಬಕೆಟ್ಟಿನಲ್ಲಿ ನನಗೂ ತಂದುಕೊಟ್ಟಿದ್ದರು. ಸಂಬಳವಿಲ್ಲದ ಮನುಷ್ಯ ದಿನಾ ಬೆಳಿಗ್ಗೆ ಬಂದು, ನಾನು ಕೆಡಿಸಿದ್ದನ್ನು ಸರಿಮಾಡಲು ಒದ್ದಾಡುತ್ತಿದ್ದರು. ಗೇಟಿನೊಳಗೆ ಕಾಲಿಡಬಾರದು ಎಂದು ಅವರಿಗೆ ಹೇಳಿದ್ದಾರೆಂದು ಅದೇ ಗುಂಪಿನಲ್ಲಿ ತಿಳಿಯಿತು. ಗುಂಪಿನಲ್ಲಿ ನಾನು ಏನೂ ಬರೆಯಲಿಲ್ಲ. ಎದುರಿಗೇ ಹೇಳುತ್ತೇನೆ ಎಂದುಕೊಂಡೆ.

ಭಾನುವಾರ ಹೋದೆ. ಕಟ್ಟೆಯ ಸುತ್ತ ಐವತ್ತು ಜನ ಸೇರಿದ್ದರು, ಶಾಂತಿ ಮಾಡಿಸುವ ಮಾತುಕತೆ ನಡೆದಿತ್ತು. ಬೋಳು ಕೊಂಬೆಗಳ ಕೆಳಗೆ ನಿಂತು ಕೈ ಎತ್ತಿದೆ. ಮೂವತ್ತು ವರ್ಷ ಕ್ಲಾಸು ನಡೆಸಿದ ಗಂಟಲು, ಎಲ್ಲರೂ ತಿರುಗಿದರು.

‘ಇಲ್ಲಿ ಮೊದಲ ದೀಪ ಇಟ್ಟವಳು ನಾನು’ ಎಂದೆ. ‘ಮೊದಲ ಹಾಲು ಹಾಕಿದವಳೂ ನಾನೇ. ತಪ್ಪೆಲ್ಲ ಶುರುವಾಗಿದ್ದು...’

ಮುಂದಿನದು ಯಾರಿಗೂ ಕೇಳಲಿಲ್ಲ. ‘ಓ, ಆ ಟೀಚರ್ ಇವರೇ’ ಎಂದು ಗುಜುಗುಜು ಎದ್ದಿತು. ಹೊಸದಾಗಿ ಮದುವೆಯಾದಂತಿದ್ದ ಹೆಣ್ಣುಮಗಳೊಬ್ಬಳು ಮುಂದೆ ಬಂದು, ‘ನಿಮ್ಮಿಂದಾನೇ ಅಲ್ವಾ ಅಮ್ಮ ಈ ಜಾಗಕ್ಕೆ ಶಕ್ತಿ ಬಂದಿದ್ದು’ ಎಂದು ಕಾಲಿಗೆ ಬಿದ್ದಳು. ಅಭ್ಯಾಸಬಲ ನೋಡಿ, ನನ್ನ ಕೈ ತಾನಾಗಿ ಅವಳ ತಲೆಯ ಮೇಲೆ ಹೋಯಿತು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಒಬ್ಬ ಹಿರಿಯರು, ಶಾಂತಿಯ ದಿನದ ಮೊದಲ ದೀಪವನ್ನೂ ನಾನೇ ಹಚ್ಚಬೇಕು, ಕಟ್ಟೆಗೆ ಟೈಲ್ಸ್ ಹಾಕಿಸುತ್ತೇವೆ ಎಂದರು. ಚಾಚಾನ ವಿಷಯ ನಾಲಿಗೆಯ ತುದಿಯಲ್ಲಿತ್ತು. ಐವತ್ತು ಮುಖಗಳು ನನ್ನನ್ನು ನೋಡಿ ನಗುತ್ತಿದ್ದವು. ಅದನ್ನು ಹೇಳಿದರೆ ಆ ನಗು ಉಳಿಯುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಲಿಲ್ಲ.

ಅಲ್ಲಿಂದ ಎರಡು ಬೀದಿ ದಾಟಿದರೆ ಅವರ ಮನೆ. ಹೊಸ್ತಿಲಲ್ಲಿ ಕೂತಿದ್ದವರು ನನ್ನನ್ನು ಕಂಡು ಎದ್ದರು.

‘ತೋಟಕ್ಕೆ ಹೋಗಿದ್ರಾ? ಕಟ್ಟೆ ಒಡೀತಾರಂತಾ?’

‘ಇಲ್ಲ ಚಾಚಾ. ಟೈಲ್ಸ್ ಹಾಕ್ತಾರಂತೆ.’

ತಲೆಯಾಡಿಸಿದರು. ಬೇರೆ ಕಡೆ ನೋಡುತ್ತ, ‘ನಾನು ಹಾಕಿದ್ದು ಬೇವಿನ ಹಿಂಡಿ ಅಂತ ಹೇಳಿದ್ರಾ?’ ಎಂದರು.

‘ಹೇಳ್ದೆ’ ಎಂದೆ.

ಅವರ ಮುಖ ಸಡಿಲವಾಯಿತು. ಒಳಗಿದ್ದ ಸೊಸೆಗೆ, ‘ಟೀಚರಮ್ಮ ಎಲ್ಲರ ಮುಂದೆ ಹೇಳಿದಾರೆ ಬೇಟಿ, ಚಾ ಮಾಡು’ ಎಂದು ಕೂಗಿದರು. ‘ನಾಲ್ಕು ಜನಕ್ಕೆ ಗೊತ್ತಾದ್ರೆ ಸಾಕಿತ್ತು. ಹಂಗಾದ್ರೆ ನಾಳೆ ಬೆಳಿಗ್ಗೆಯಿಂದ ಹೋಗ್ತೀನಿ. ಒಂದು ಕಡೆ ಬೇರು ಇನ್ನೂ ಹಸಿ ಇದೆ.’ ಮೂಲೆಯಲ್ಲಿದ್ದ ಹಸಿರು ಬಕೆಟ್ ತೊಳೆದು, ಹಿಂಡಿ ನೆನೆಹಾಕಲು ನಲ್ಲಿಯ ಕೆಳಗೆ ಇಟ್ಟರು.

ನಾನು ಚಾ ಪೂರ್ತಿ ಕುಡಿದೆ. ಐದು ಗಂಟೆಯ ಬಸ್ಸಿಗೆ ಶಿವಮೊಗ್ಗಕ್ಕೆ ಬಂದೆ. ಮರುದಿನ ಗೇಟಿನ ಹತ್ತಿರ ಏನಾಯಿತೆಂದು ಇವತ್ತಿನವರೆಗೂ ಯಾರನ್ನೂ ಕೇಳಿಲ್ಲ.