ನನ್ನ ಕ್ಯಾಸೆಟ್ಟು, ಪ್ರೊಫೆಸರರ ಪೆನ್‌ಡ್ರೈವು

ತಿಂಗಳ ಎರಡನೇ ಭಾನುವಾರ ಮಣಿಪಾಲದ ಒಂದು ಮನೆಯಲ್ಲಿ ನಾವು ನಾಲ್ಕು ಜನ ಸೇರುತ್ತೇವೆ. ಮನೆ ಪ್ರೊಫೆಸರರದ್ದು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಉಡುಪಿಯಿಂದ ಒಬ್ಬರು ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ ಬರುತ್ತಾರೆ, ಕಾರ್ಕಳದಿಂದ ಒಬ್ಬರು ಸಂಗೀತ ಟೀಚರ್ ಬರುತ್ತಾರೆ, ಕಾಪುವಿನಿಂದ ನಾನು. ಒಂದು ರಾಗವನ್ನು ಮೊದಲೇ ನಿಶ್ಚಯ ಮಾಡುವುದು, ಆ ರಾಗದಲ್ಲಿ ತನಗೆ ಅತಿ ಇಷ್ಟವಾದ ಒಂದು ರೆಕಾರ್ಡಿಂಗ್ ಪ್ರತಿಯೊಬ್ಬರೂ ತರುವುದು, ಕೇಳುವುದು, ಆಮೇಲೆ ಜಗಳ. ಜಗಳ ಇಲ್ಲದಿದ್ದರೆ ನಾನು ಎರಡು ಬಸ್ಸು ಬದಲಿಸಿ ಹೋಗುವವಳಲ್ಲ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮೀನು ಮಾರಿ ಮಕ್ಕಳನ್ನು ದೊಡ್ಡ ಮಾಡಿದೆ. ಪ್ರೊಫೆಸರರ ಮನೆಗೆ ಮೊದಲ ಸಲ ಹೋದದ್ದೂ ಬುಟ್ಟಿ ಹೊತ್ತೇ. ಹೊರಟದ್ದು ಅವರ ಮನೆಗಲ್ಲ, ಪಕ್ಕದ ಮನೆಗೆ. ಪ್ರೊಫೆಸರರ ಕಿಟಕಿಯಿಂದ ಒಂದು ಹಾಡು ಕೇಳಿತು. ನಾನು ಬುಟ್ಟಿ ಇಳಿಸಿ ಗೇಟು ತೆರೆದು ಒಳಗೆ ಹೋದೆ.

“ಮೀನು ಬೇಡಮ್ಮ,” ಎಂದರು.

“ಮೀನು ನಿಮಗೆ ಯಾರು ಕೊಡ್ತಾರೆ? ಈ ಕಚೇರಿ ಕಾಪುವಿನ ನಮ್ಮ ಭಜನಾ ಮಂದಿರದಲ್ಲಿ ಆದದ್ದು. ನಾನು ಅಲ್ಲಿ ಕೂತಿದ್ದೆ. ಅದನ್ನು ಹೇಳ್ಲಿಕ್ಕೆ ಬಂದೆ.”

ಹೌದು, ಕೂತಿದ್ದೆ. ಎರಡನೆಯ ಮಗು ಹೊಟ್ಟೆಯಲ್ಲಿತ್ತು. ಮಂದಿರದ ಬೆಳ್ಳಿಹಬ್ಬಕ್ಕೆ ಮದ್ರಾಸಿನಿಂದ ಒಬ್ಬ ಹಾಡುಗಾರ್ತಿಯನ್ನು ಕರೆಸಿದ್ದರು. ಮೈಕಿನವನು ಅದನ್ನು ಟೇಪು ಮಾಡಿ, ಒಂದು ಕ್ಯಾಸೆಟ್ಟನ್ನು ನನ್ನ ಗಂಡನಿಗೆ ಕೊಟ್ಟ. ಗಂಡ ಮಂದಿರದ ಕಮಿಟಿಯಲ್ಲಿದ್ದರು. ಉಳಿದವರು ಅದರಿಂದ ಇನ್ನೊಂದು, ಆ ಇನ್ನೊಂದರಿಂದ ಮತ್ತೊಂದು ಎಂದು ಕಾಪಿ ಮಾಡಿಸಿಕೊಂಡರು. ಪ್ರೊಫೆಸರರ ಕೈಗೆ ಬಂದದ್ದು ಎಷ್ಟನೆಯ ಕಾಪಿಯೋ ದೇವರಿಗೆ ಗೊತ್ತು. ಅದರಲ್ಲಿ ಹಾಡುಗಾರ್ತಿ ಕಲ್ಯಾಣಿ ರಾಗವನ್ನು ಆಲಾಪನೆ ಮಾಡುತ್ತಿರುವಾಗ ಮಂದಿರದಲ್ಲಿ ದೀಪಾರಾಧನೆಯ ಗಂಟೆ ಮೂರು ಸಲ ಹೊಡೆಯುತ್ತದೆ. ಅವರು ಹಾಡುವುದನ್ನು ನಿಲ್ಲಿಸಿ, ಗಂಟೆಯ ಸದ್ದು ಪೂರ್ತಿ ಇಳಿಯುವವರೆಗೆ ಕಾದು, ಮತ್ತೆ ಎತ್ತಿಕೊಳ್ಳುತ್ತಾರೆ. ಆ ಕಾಯುವಿಕೆ ನಮ್ಮ ನಾಲ್ವರಿಗೂ ಇಷ್ಟ. ಅದೊಂದರಲ್ಲಿ ಮಾತ್ರ ನಮಗೆ ಜಗಳ ಇಲ್ಲ.

ಹೋದ ವರ್ಷ ಉಡುಪಿಯ ಒಂದು ಸಭಾಂಗಣದಲ್ಲಿ ಹಳೆಯ ಧ್ವನಿಮುದ್ರಣಗಳನ್ನು ಜನರಿಗೆ ಕೇಳಿಸುವ ಕಾರ್ಯಕ್ರಮ ಇಟ್ಟರು. ನಮ್ಮ ಮಂದಿರದ ಕಚೇರಿಯನ್ನು ಹಾಕುವುದೆಂದು ನಿಶ್ಚಯವಾಯಿತು. ಪ್ರೊಫೆಸರರು ತಮ್ಮ ಕಾಪಿಯನ್ನು ಕಂಪ್ಯೂಟರಿಗೆ ಹಾಕಿ ಗೊರಗೊರ ಸದ್ದನ್ನೆಲ್ಲ ತೆಗೆದು ಪೆನ್‌ಡ್ರೈವಿನಲ್ಲಿ ತಂದರು. ಕಾರ್ಯಕ್ರಮದ ಪುಸ್ತಿಕೆಗೆ ಲೇಖನವನ್ನೂ ಬರೆದು ಅಚ್ಚಿಗೆ ಕೊಟ್ಟಾಗಿತ್ತು. ಆ ತಿಂಗಳ ಭಾನುವಾರ ನಮಗೆ ಕೇಳಿಸಿದರು. ನಾನು ಎರಡು ನಿಮಿಷ ಸುಮ್ಮನೆ ಕೂತೆ. ಅದು ನನ್ನ ಮಟ್ಟಿಗೆ ಬಹಳ.

“ಸರ್, ಇದು ಓಡ್ತಾ ಉಂಟು.”

“ಎಂತ ಓಡುವುದು?”

“ಹಾಡು. ಬಸ್ಸು ಹಿಡೀಲಿಕ್ಕೆ ಓಡಿದ ಹಾಗೆ. ಸ್ವರವೂ ತೆಳ್ಳಗೆ, ಸಪೂರ ಆಗಿದೆ.”

ಮ್ಯಾನೇಜರ್ ನಕ್ಕರು. “ಅವರಿಗೆ ಆಗ ಮೂವತ್ತು ವರ್ಷ ಮಾರಾಯ್ರೆ. ಸಪೂರ ಇಲ್ಲದೆ ನಿಮ್ಮ ಸ್ವರದ ಹಾಗೆ ಇರ್ಬೇಕಾ?”

“ನನ್ನ ಸ್ವರಕ್ಕೆ ಎಂತ ಆಗಿದೆ? ಒಂದು ಕೂಗು ಹಾಕಿದ್ರೆ ಮೂರು ಬೀದಿಯ ಬೆಕ್ಕು ಬರ್ತಿತ್ತು.”

ಪ್ರೊಫೆಸರರು ನಗಲಿಲ್ಲ. ಆ ಹಾಡುಗಾರ್ತಿ ಮುಂದೆ ಐದು ಮನೆ ಶ್ರುತಿಯಲ್ಲಿ, ಅಂದರೆ ಹಾರ್ಮೋನಿಯಮ್ಮಿನ ಐದನೇ ಬಿಳಿ ಮನೆಯ ಎತ್ತರದಲ್ಲಿ, ಹಾಡಿದರೂ, ಯೌವನದಲ್ಲಿ ಅರ್ಧ ಮನೆ ಮೇಲೆ ಹಾಡುತ್ತಿದ್ದರು, ಅದಕ್ಕೆ ಈ ಕಚೇರಿಯೇ ಸಾಕ್ಷಿ ಎಂದು ವಿವರಿಸಿದರು. ಲೇಖನದಲ್ಲಿ ಬರೆದದ್ದೂ ಅದನ್ನೇ.

“ನಾನು ಕೇಳಿದ್ದರಲ್ಲಿ ಎಲ್ಲ ಐದು ಮನೆಯೇ ಸರ್,” ಎಂದು ಟೀಚರ್ ಮೆಲ್ಲ ಹೇಳಿದರು.

“ಅದೆಲ್ಲ ಆಮೇಲಿನದ್ದು.”

ಮುಂದಿನ ತಿಂಗಳ ಭಾನುವಾರ ನಾನು ಟೇಪ್‌ರೆಕಾರ್ಡರನ್ನು ಮಡಿಲಲ್ಲಿ ಇಟ್ಟುಕೊಂಡೇ ಬಸ್ಸಿನಲ್ಲಿ ಹೋದೆ. ನನ್ನ ಕ್ಯಾಸೆಟ್ಟು ಹಾಕಿದೆ. ಹಾಡು ನಿಧಾನ, ಸ್ವರ ತುಂಬಿಕೊಂಡು ಬಂತು. ಟೀಚರ್ ತಮ್ಮ ಶ್ರುತಿಪೆಟ್ಟಿಗೆ ಹಿಡಿದು ಐದು ಮನೆ ಎಂದರು. ನಾನು ಪ್ರೊಫೆಸರರ ಮುಖ ನೋಡಿದೆ.

“ನಿಮ್ಮ ಮೆಷಿನಿನ ಬೆಲ್ಟ್ ಸಡಿಲ ಆಗಿದೆ ಅಮ್ಮ,” ಎಂದರು ಅವರು, ತಣ್ಣಗೆ. “ಎಳೀತಾ ಉಂಟು. ಹಳೆ ಟೇಪ್‌ರೆಕಾರ್ಡರ್ ಎಲ್ಲ ಹೀಗೇ.”

“ಬೆಲ್ಟ್ ಹೊಸತು. ಈ ಕ್ಯಾಸೆಟ್ಟಿನ ಒಂದು ಬದಿ ಮುಗಿಯುವಾಗ ನಾನು ಒಂದು ಬುಟ್ಟಿ ಬಂಗುಡೆ ಸೀಳಿ ಉಪ್ಪು ಹಾಕಿ ಮುಗಿಸ್ತಿದ್ದೆ. ನಲವತ್ತು ವರ್ಷದಿಂದ. ನಿಮ್ಮ ಪೆನ್‌ಡ್ರೈವಿಗೆ ಸೀಳಿದ್ರೆ ಹತ್ತು ಮೀನು ಉಳೀತದೆ.”

ಈ ಸಲ ಎಲ್ಲರೂ ನಕ್ಕರು, ಟೀಚರ್ ಕೂಡ. ಬಂಗುಡೆಯನ್ನು ಯಾರೂ ಅಳತೆ ಎಂದು ಒಪ್ಪುವುದಿಲ್ಲ. ಒಪ್ಪಬೇಕೆಂದೂ ಇಲ್ಲ. ಒಳಗೆ ಮಾತ್ರ ನನಗೆ ಸಮಾಧಾನ ಇರಲಿಲ್ಲ. ಆ ಮೆಷಿನಿಗೆ ಮೂರು ಸಲ ಬೆಲ್ಟ್ ಬದಲಿಸಿದ್ದೇನೆ. ಪ್ರೊಫೆಸರರು ಹೇಳಿದ್ದೇ ಸರಿಯಾಗಿದ್ದರೆ ನಾನು ಇಷ್ಟು ವರ್ಷ ಕೇಳಿದ್ದು ತಪ್ಪು ಹಾಡು. ಅದನ್ನೇ ಸರಿಯೆಂದು ಇವರ ಎದುರು ಜಗಳ ಮಾಡಿದ ಬಾಯಿಯನ್ನು ಇನ್ನು ಮುಚ್ಚಿಕೊಂಡು ಕೂರಬೇಕು. ಬಾಯಿ ಮುಚ್ಚಿಕೊಂಡು ಕೂರುವುದಾದರೆ ಮಣಿಪಾಲಕ್ಕೆ ಯಾಕೆ ಹೋಗುವುದು, ಮನೆಯಲ್ಲೇ ಕೂರಬಹುದು.

ಚಹಾ ಕುಡಿಯುವಾಗ ಹೊಳೆಯಿತು.

“ಸರ್, ಗಂಟೆಗೆ ಬೆಲ್ಟ್ ಉಂಟಾ?”

“ಯಾವ ಗಂಟೆ?”

“ಹಾಡಿನ ನಡುವೆ ಹೊಡೆಯುವ ಗಂಟೆ. ಅದು ಮಂದಿರದಲ್ಲಿ ಈಗಲೂ ಉಂಟು. ಟೇಪು ಓಡಿದ್ರೆ ಗಂಟೆಯ ಸದ್ದೂ ಸಪೂರ ಆಗ್ತದೆ, ಹೋಗಿ ಹೊಡೆದು ನೋಡುವ. ನಿಮ್ಮ ಗಂಟೆ ಸರಿಯಾ ನನ್ನ ಗಂಟೆ ಸರಿಯಾ ಅದೇ ಹೇಳ್ತದೆ. ನನ್ನದು ತಪ್ಪಾದ್ರೆ ನಿಮ್ಮದನ್ನೇ ಹಾಕಿ, ಇನ್ನು ಈ ಮನೆಯಲ್ಲಿ ನಾನು ಒಂದು ಮಾತಾಡ್ಲಿಕ್ಕಿಲ್ಲ.”

“ಅದು ಆಗುವ ಕೆಲಸ ಅಲ್ಲ,” ಎಂದರು ಮ್ಯಾನೇಜರ್. ಆದರೂ ಕಾರಿನ ಕೀಲಿ ಎತ್ತಿಕೊಂಡದ್ದು ಅವರೇ.

ಕಾರು ಕಟಪಾಡಿ ದಾಟಿದ ಮೇಲೆ ಪ್ರೊಫೆಸರರು ಕೇಳಿದರು, “ಗಂಟೆ ಅದೇ ಅಂತ ಎಂತ ಗ್ಯಾರಂಟಿ? ಮಂದಿರ ರಿಪೇರಿ ಆಗಿರ್ಬಹುದು.”

“ನೆಲಕ್ಕೆ ಟೈಲ್ಸ್ ಹಾಕಿದ್ದಾರೆ, ಗೋಡೆಗೆ ಬಣ್ಣ ಹೊಡೆದಿದ್ದಾರೆ. ಗಂಟೆ ಕೊಟ್ಟದ್ದು ನನ್ನ ಮಾವ. ಅವರ ಹೆಸರು ಕೆತ್ತಿ ಉಂಟು, ನೀವೇ ಓದಿ. ನೀವು ಓದಿದವರಲ್ವಾ.”

ಮಂದಿರದಲ್ಲಿ ಮಧ್ಯಾಹ್ನದ ಹೊತ್ತು ಅರ್ಚಕರೊಬ್ಬರೇ ಇದ್ದರು. ವಿಷಯ ಕೇಳಿ ಅವರು ಫ್ಯಾನನ್ನೂ ಆಫ್ ಮಾಡಿದರು. ಪ್ರೊಫೆಸರರು ಕನ್ನಡಕ ಏರಿಸಿ ಗಂಟೆಯ ಅಂಚಿನ ಅಕ್ಷರ ಓದಿದರು. ಮಾವನ ಹೆಸರೇ ಇತ್ತು, ಒಪ್ಪಿದರು. ಅರ್ಚಕರು ಹೊಡೆದರು. ಟೀಚರ್ ಕಣ್ಣು ಮುಚ್ಚಿ ಆ ಸ್ವರವನ್ನು ಮೂಗಿನಲ್ಲೇ ಗುನುಗಿ ಹಿಡಿದುಕೊಂಡರು. ಪ್ರೊಫೆಸರರು ಸಣ್ಣ ಸ್ಪೀಕರಿನಲ್ಲಿ ತಮ್ಮ ಗಂಟೆಯನ್ನು ಕೇಳಿಸಿದರು.

ಟೀಚರ್ ಬಾಯಿ ತೆರೆಯುವುದಕ್ಕೆ ಮುಂಚೆಯೇ ಅರ್ಚಕರು, “ಇದು ನಮ್ಮದಲ್ಲ, ಯಾವುದೋ ಸಣ್ಣ ಗಂಟೆ,” ಎಂದುಬಿಟ್ಟರು.

ಆಮೇಲೆ ನನ್ನದು. ಗುಂಡಿ ಒತ್ತುವಾಗ ನನ್ನ ಬೆರಳು ಜಾರಿ ಮುಂದಕ್ಕೆ ಓಡಿಸುವ ಗುಂಡಿ ಒತ್ತಿಹೋಯಿತು. ಹಿಂದಕ್ಕೆ ತಂದು ಮತ್ತೆ ಒತ್ತಿದೆ. ಹಾಡು ನಿಂತಿತು. ಟೇಪಿನ ಗಂಟೆ ಹೊಡೆಯಿತು. ಅದು ಇಳಿಯುವ ಮೊದಲೇ ಅರ್ಚಕರು ಮೇಲಿನ ಗಂಟೆ ಹೊಡೆದರು. ಎರಡೂ ಒಂದರೊಳಗೊಂದು ಸೇರಿಹೋದವು. ಯಾವುದು ಟೇಪಿನದ್ದು, ಯಾವುದು ಮಾವನದ್ದು ಎಂದು ಹೇಳಲು ನನಗೆ ಸಾಧ್ಯವಾಗಲಿಲ್ಲ.

“ಟೇಪಿನದ್ದು ಒಂದು ಕೂದಲೆಳೆ ಕೆಳಗೆ ಉಂಟೇನೋ,” ಎಂದರು ಟೀಚರ್. “ಬೇರೆ ಎಂತ ವ್ಯತ್ಯಾಸವೂ ಇಲ್ಲ ಅಕ್ಕ. ನಿಮ್ಮದೇ ಸರಿ.”

ಮನುಷ್ಯರು ಇಂಥ ಹೊತ್ತಿಗೆ ವಿನಯ ತೋರಿಸುತ್ತಾರಂತೆ. ನಾನು ತೋರಿಸಲಿಲ್ಲ. ಮಂದಿರದ ನಡುವೆ ನಿಂತು, ಮಾರ್ಕೆಟಿನಲ್ಲಿ ನಗುವ ಹಾಗೆ ಗಟ್ಟಿಯಾಗಿ ನಕ್ಕೆ.

ಪ್ರೊಫೆಸರರು ತಾವೇ ಗಂಟೆ ಹಿಡಿದು ಇನ್ನೂ ಎರಡು ಸಲ ಹೊಡೆದು ನೋಡಿದರು. ಆಮೇಲೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು.

“ಕ್ಯಾಸೆಟ್ ಅಂಗಡಿಯವರು ಬೇಗ ಬೇಗ ಕಾಪಿ ಮಾಡ್ಲಿಕ್ಕೆ ಎಂತದೋ ಮೆಷಿನ್ ಇಟ್ಟಿದ್ರು,” ಎಂದರು. “ಅಲ್ಲೇ ವೇಗ ತಪ್ಪಿ ಹಾಳಾದದ್ದು. ನಾನು ಅದರ ಮೇಲೆ ಒಂದು ಲೇಖನ ಬರೆದೆ!”

“ಇನ್ನೊಂದು ಬರೀರಿ ಸರ್. ನಿಮಗೆ ಬರೀಲಿಕ್ಕೆ ಎಂತ ಕಷ್ಟ, ಕೈ ಅಭ್ಯಾಸ ಉಂಟಲ್ಲ.”

ಮ್ಯಾನೇಜರ್ ಬೇರೆ ಕಡೆ ತಿರುಗಿ ನಗುತ್ತಿದ್ದರು. ಅವರನ್ನೂ ಬಿಡಲಿಲ್ಲ. “ನಿಮ್ಮ ಮೂವತ್ತು ವರ್ಷದ ಸಪೂರ ಸ್ವರ ಎಲ್ಲಿ ಹೋಯ್ತು ಮಾರಾಯ್ರೆ?” ಎಂದು ಕೇಳಿದೆ.

ಪುಸ್ತಿಕೆ ಆಗಲೇ ಅಚ್ಚಾಗಿತ್ತು. ಪ್ರೊಫೆಸರರು ಪ್ರತಿಯೊಂದನ್ನೂ ತೆರೆದು, ತಪ್ಪು ಸಾಲುಗಳ ಮೇಲೆ ತಾವೇ ಬರೆದ ಚೀಟಿ ಅಂಟಿಸಿದರು. ಯಾರಿಗೂ ವಹಿಸಲಿಲ್ಲ. ಆ ಮನುಷ್ಯನ ಬಗ್ಗೆ ನನಗೆ ಮರ್ಯಾದೆ ಬಂದದ್ದು ಆಗ. ಮೊದಲು ಇದ್ದದ್ದು ಪರಿಚಯ ಮಾತ್ರ.

ಉಡುಪಿಯ ಸಭಾಂಗಣ ತುಂಬಿತ್ತು. ಪ್ರೊಫೆಸರರು ಮೈಕಿನಲ್ಲಿ, ತಾನು ತಪ್ಪಿದ್ದೆ, ಈಗ ಕೇಳಿಸುವುದು ಕಾಪುವಿನ ಈ ಅಮ್ಮನ ಕ್ಯಾಸೆಟ್ಟು ಎಂದು ಸುತ್ತಿ ಬಳಸದೆ ಹೇಳಿದರು. ಗುಂಡಿ ಒತ್ತಲು ನನ್ನನ್ನೇ ಕರೆದರು. ಈ ಸಲ ಬೆರಳು ಜಾರಲಿಲ್ಲ. ಒಂದು ಬದಿ ಪೂರ್ತಿ ಮುಗಿಯುವವರೆಗೆ ಯಾರೂ ಎದ್ದು ಹೋಗಲಿಲ್ಲ. ನಾನು ತಿರುಗಿ ತಿರುಗಿ ನೋಡುತ್ತಿದ್ದೆ, ಅದಕ್ಕೆ ಗೊತ್ತು.

ಮುಗಿದ ಮೇಲೆ ಮುಂದಿನ ಸಾಲಿನ ಒಬ್ಬರು ಬಂದು, “ಚೆನ್ನಾಗಿತ್ತು. ಗೊರಗೊರ ಸ್ವಲ್ಪ ಜಾಸ್ತಿ ಉಂಟು. ಕಂಪ್ಯೂಟರಿಗೆ ಹಾಕಿ ಕ್ಲೀನ್ ಮಾಡ್ಬಹುದಿತ್ತು ಅಲ್ವಾ?” ಎಂದರು.

ನಾನು ಉತ್ತರ ಕೊಡಲು ಬಾಯಿ ತೆರೆದೆ. ಪ್ರೊಫೆಸರರು ನನಗಿಂತ ಮುಂಚೆಯೇ ಎದ್ದು ನಿಂತಿದ್ದರು.

“ಬೇಡ,” ಎಂದರು. “ಅದನ್ನು ಯಾರೂ ಮುಟ್ಟುವುದು ಬೇಡ.”