ಉಬ್ಬಿದ ನಳಿಗೆ

ರಾಣೆಬೆನ್ನೂರಿನ ಬಂದೂಕು ರಿಪೇರಿ ಮಾಡುವ ಕಾಳಪ್ಪ ಕಂಬಾರನ ಅಂಗಡಿಗೆ ಯಾರಾದರೂ ಬಾಯಿಂದ ಮದ್ದು ತುಂಬುವ ಹಳೆಯ ನಾಡಬಂದೂಕು ತಂದರೆ, ಅವನು ಮೊದಲು ಕೇಳುವುದು ಹೆಸರನ್ನಲ್ಲ, "ಯಾವ ಮದ್ದು ಹಾಕ್ತೀರಿ?" ಎಂದು. ಕರಿಮದ್ದು ಎಂದರೆ ಚಹಾ ತರಿಸುತ್ತಾನೆ. ತೋಟಾ ಬಿಚ್ಚಿ ತೆಗೆದ, ಹೊಗೆ ಬಾರದ ಮದ್ದು ಎಂದರೆ ಎದ್ದು ನಿಂತು ಕೂಗಾಡುತ್ತಾನೆ: "ಕರಿಮದ್ದು ಗುಂಡು ದೂಡತೈತಿ, ಇದು ನಳಿಗೀನ ಸೀಳತೈತಿ! ಬುಡ ಹೆಂಗ ಉಬ್ಬೇತಿ, ಮುಟ್ಟಿ ನೋಡ್ರಿ!" ಅವರು ಮುಟ್ಟಿ ನೋಡಿ, "ಖರೇ ಐತ್ರಿ, ಆದ್ರ ಗುಂಡು ಭಾಳ ದೂರ ಹೋಗತೈತಿ" ಎನ್ನುತ್ತಾರೆ. ಊರಿಗೆ ಹೋಗಿ ಅದನ್ನೇ ತುಂಬುತ್ತಾರೆಂದು ಅವನಿಗೆ ಗೊತ್ತು. ಆದರೂ ಉಣ್ಣುವುದನ್ನು ಬಿಟ್ಟು ಬಸ್‌ ನಿಲ್ದಾಣದವರೆಗೂ ಬೈಯುತ್ತ ಹಿಂದೆ ಹೋಗುತ್ತಾನೆ. 2006ರ ಸುಗ್ಗಿಯಲ್ಲಿ ಕದರಮಂಡಲಗಿ ಕಡೆಯ ರೇಣುಕವ್ವ, ಪೊಲೀಸರ ಕಣ್ಣಿಗೆ ಬೀಳದಂತೆ ಗೋಣಿಯಲ್ಲಿ ಸುತ್ತಿದ ಬಂದೂಕು ತಂದಳು. ಗೋವಿನಜೋಳಕ್ಕೆ ನುಗ್ಗಿದ ಹಂದಿಗೆ ಗುರಿಯಿಟ್ಟಿದ್ದ ಅವಳ ಗಂಡ, ನಳಿಗೆ ಮುಖದ ಬಳಿಯೇ ಸಿಡಿದು, ಸತ್ತು ಹದಿನೈದು ದಿನವಾಗಿತ್ತು. ಹೊಗೆ ಬಾರದ ಮದ್ದಿಗಾಗಿಯೇ ಅವನನ್ನು ಕಾಳಪ್ಪ ಮೂರು ಸಲ ಬೈದು ಕಳಿಸಿದ್ದ. "ಹಂದಿ ಬರೂದು ನಿಂತಿಲ್ರಿ. ಬೆಸುಗಿ ಹಾಕಿ ಕೊಡ್ರಿ, ಇನ್ನ ಮೈದುನ ಹೊಡೀತಾನ" ಎಂದಳು. ಕಾಳಪ್ಪ ಎದ್ದು ನಿಂತ. "ಬ್ಯಾಡವ್ವ" ಎಂದು ಕೈಮುಗಿದ. ಅವಳು ಸೀಳಿದ ನಳಿಗೆಯನ್ನು ಮತ್ತೆ ಗೋಣಿಯಲ್ಲಿ ಸುತ್ತಿಕೊಂಡು ಕೇಳಿದಳು: "ಬ್ಯಾಡಗಿಯೊಳಗ ಯಾರರ ಹಾಕಿ ಕೊಡೋರು ಅದಾರೇನ್ರಿ?"