ಒಬ್ರೇ ಬನ್ನಿ ಎಂದ ಟಿಂಕರ್ ಮೇಸ್ತ್ರಿ

ಕಳೆದ ಭಾನುವಾರ, ಬೆಳಿಗ್ಗೆ ಏಳೂವರೆ. ಸ್ಥಳ, ಶಿವಮೊಗ್ಗದ ವಿದ್ಯಾನಗರದ ನಮ್ಮ ಮನೆಯ ಕಾರ್ ಶೆಡ್. ಹಾಜರಿದ್ದವರು ನಾನು, ನನ್ನ ಹೆಂಡತಿ. ಮಾಡಬೇಕಾದ ಕೆಲಸ, ಹಳೆಯ ಅಂಬಾಸಿಡರ್‌ನ ಎಡಗಡೆ ಮುಂಬಾಗಿಲಿನ ತುಕ್ಕು ಉಜ್ಜಿ ಬಣ್ಣ ಹಚ್ಚುವುದು. ಕೆಲಸಕ್ಕೆ ಮೊದಲು ಹೀಗೆ ಪುಸ್ತಕದಲ್ಲಿ ಬರೆದಿಡುವುದು ಭದ್ರಾವತಿಯ ಕಾಗದನಗರದ ಕಾರ್ಖಾನೆಯಲ್ಲಿ ಶಿಫ್ಟ್ ನೋಡಿಕೊಳ್ಳುತ್ತಿದ್ದ ಕಾಲದ ಅಭ್ಯಾಸ. ಸೈರನ್ ನಿಂತು ಎಷ್ಟೋ ವರ್ಷವಾದರೂ ಅಭ್ಯಾಸ ನಿಂತಿಲ್ಲ.

ತುಕ್ಕು ತಡೆಯಲು ಬಳಿಯುವ ರೆಡ್ ಆಕ್ಸೈಡ್ ಡಬ್ಬಿಯ ಮುಚ್ಚಳ ಎಬ್ಬಿಸಿದೆ. ಆ ವಾಸನೆ ಮೂಗಿಗೆ ಬಡಿದೊಡನೆ ಕಾರಿನ ತಗಡು ಕೆಲಸ ಮಾಡುತ್ತಿದ್ದ ಟಿಂಕರ್ ಮೇಸ್ತ್ರಿ ನೆನಪಾದರು. ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಇದೇ ಬಣ್ಣದಲ್ಲಿ ಅದ್ದಿ, ಉಸಿರು ಹಿಡಿದು ಬಾಗಿಲಿಗೆ ಕೊರೆದ ತೂತಿನ ಅಂಚಿಗೆ ಸವರುತ್ತಿದ್ದರು...

ಈ ಅಂಬಾಸಿಡರ್ ನನ್ನ ಮಾವನವರದು. ಓಡಿಸುತ್ತಿದ್ದವಳು ನನ್ನ ಹೆಂಡತಿ. ಅವಳಿಗೆ ಕುತ್ತಿಗೆ ನೋವು ಬಂದು, ಪಕ್ಕಕ್ಕೆ ತಿರುಗಿ ನೋಡಲು ಆಗದಂತಾಯಿತು. ಆ ಕಾರಿನ ಬಾಗಿಲುಗಳಿಗೆ ಕನ್ನಡಿಯೇ ಇರಲಿಲ್ಲ. ಕನ್ನಡಿ ಹಾಕಿಸಬೇಕು, ಇಲ್ಲವೇ ಅವಳು ಓಡಿಸುವುದನ್ನು ಬಿಡಬೇಕು. ಚೆನ್ನಾಗಿರುವ ಬಾಗಿಲಿಗೆ ತೂತು ಕೊರೆದರೆ ತುಕ್ಕು ಖಂಡಿತ ಎಂದು ಎಲ್ಲರೂ ಹೆದರಿಸಿದರು. ಕಾಗದನಗರದ ರಸ್ತೆಯ ಪಕ್ಕ ತಗಡಿನ ಶೆಡ್ ಹಾಕಿಕೊಂಡಿದ್ದ ಮೇಸ್ತ್ರಿ ಮಾತ್ರ, ತುಕ್ಕು ಹಿಡಿಯೋದು ತೂತಿನಿಂದಲ್ಲ ಸಾರ್, ಅವಸರದಿಂದ ಎಂದಿದ್ದರು.

ಅವರು ಮೊದಲು ಅವಳನ್ನು ಸೀಟಿನಲ್ಲಿ ಕೂರಿಸಿ, ಕುತ್ತಿಗೆ ತಿರುಗಿಸದೆ ಹಿಂದಿನ ರಸ್ತೆ ಕಾಣುವ ಜಾಗವನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡರು. ಕೊರೆಯುವ ಮುನ್ನ ಬಾಗಿಲೊಳಗೆ ಗ್ರೀಸ್ ಮೆತ್ತಿದ ಬಟ್ಟೆ ತುರುಕಿದರು, ಕಬ್ಬಿಣದ ಚೂರು ಒಳಗೆ ಬೀಳಬಾರದು ಎಂದು. ಅಂಚು ಅರದಿಂದ ಉಜ್ಜಿ, ಬಣ್ಣ ಸವರಿ, ನಾಳೆ ಬನ್ನಿ ಎಂದು ಕಳಿಸಿಬಿಟ್ಟರು. ಎರಡು ಕನ್ನಡಿಗೆ ಎರಡು ದಿನವೇ ಎಂದು ನಾನು ಗೊಣಗಿದೆ. ಮರುದಿನ ಸೈಕಲ್ ಟ್ಯೂಬು ಕತ್ತರಿಸಿ ಕನ್ನಡಿಯ ಬುಡಕ್ಕೆ ರಬ್ಬರ್ ಕೊಟ್ಟು, ಸ್ಕ್ರೂಗೆ ಗ್ರೀಸ್ ಹಚ್ಚಿ ಕೂರಿಸಿದರು. ಇಷ್ಟನ್ನೂ ನಾನು ಬರೆದುಕೊಂಡಿದ್ದೇನೆ. ಕೊನೆಗೆ ಅವರು ಬಾಗಿಲಿನ ಕೆಳಗೆ ಕುಕ್ಕರಗಾಲಲ್ಲಿ ಕೂತು ಏನೋ ಹೇಳುತ್ತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ, ಕೇಳಿಸಿಕೊಂಡವಳು ನನ್ನ ಹೆಂಡತಿ.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಎಡಬಾಗಿಲಿನ ಕೆಳಗೆ ಬಣ್ಣ ಗುಳ್ಳೆ ಎದ್ದಿತು. ಬೆರಳಿಂದ ಒತ್ತಿದರೆ ತಗಡು ಹಪ್ಪಳದಂತೆ ಮುರಿಯಿತು. ಬಲಬಾಗಿಲಿಗೂ ಅದೇ ಕೈ, ಅದೇ ತೂತು, ಅಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಯಂತ್ರ ಕೆಟ್ಟರೆ ಕಾರಣ ಹುಡುಕಿ ವರದಿ ಬರೆಯುವ ಕೆಲಸ ನನ್ನದು. ಆದರೂ ಆ ದಿನ ನಾನು ಕಾರಣ ಹುಡುಕಲಿಲ್ಲ, ಕಾರು ತೆಗೆದುಕೊಂಡು ನೇರ ಮೇಸ್ತ್ರಿಯ ಶೆಡ್ಡಿಗೆ ಹೋದೆ.

ಅಲ್ಲಿ ನಮ್ಮ ಕ್ವಾರ್ಟರ್ಸಿನವರೇ ನಾಲ್ಕು ಜನ ನಿಂತಿದ್ದರು. ಅವರ ಮುಂದೆಯೇ ಹೇಳಿದೆ.

"ಕನ್ನಡಿ ಹಾಕಿ ಅಂದ್ರೆ ತುಕ್ಕಿಗೆ ಬಾಗಿಲೇ ತಿನ್ನಿಸಿಬಿಟ್ರಲ್ಲ ಮೇಸ್ತ್ರಿ. ನಿಮ್ಮ ಕೈಗೆ ಗಾಡಿ ಕೊಟ್ಟಿದ್ದು ನನ್ನ ತಪ್ಪು."

ನಾಲ್ವರಲ್ಲಿ ಒಬ್ಬ ನಕ್ಕು, ಮೇಸ್ತ್ರಿಯತ್ತ ತಿರುಗಿ, "ಕನ್ನಡಿ ನೀವೇ ಹಾಕಿದ್ದಲ್ವ ಮಾರಾಯ್ರೆ, ಒಂದ್ಸಲ ಮುಖ ನೋಡ್ಕೊಳ್ಳಿ" ಎಂದ. ಮೇಸ್ತ್ರಿಯೂ ನಕ್ಕರು. ಆಮೇಲೆ ಕುಕ್ಕರಗಾಲಲ್ಲಿ ಕೂತು ಬಾಗಿಲಿನ ಅಡಿಯಂಚಿನಲ್ಲಿ ಬೆರಳಾಡಿಸಿದರು. ಬೆರಳು ಒಂದು ಕಡೆ ನಿಂತಿತು. ಮುಂದೆ ಸರಿದು ಇನ್ನೊಂದು ಕಡೆ ನಿಂತಿತು. ಎದ್ದು, ಕೈ ಒರೆಸಿಕೊಂಡು, ನನ್ನ ಮುಖ ನೋಡಿದರು, ಆ ನಾಲ್ವರನ್ನು ನೋಡಿದರು.

"ಸಾರ್, ಆಮೇಲೆ ಒಬ್ರೇ ಬನ್ನಿ. ಮಾತಾಡೋಣ."

ತಪ್ಪು ಮುಚ್ಚಿಕೊಳ್ಳುವ ಉಪಾಯ ಎಂದುಕೊಂಡೆ. ಹೋಗಲಿಲ್ಲ. ಬಾಗಿಲನ್ನು ಬೇರೆ ಕಡೆ ರಿಪೇರಿ ಮಾಡಿಸಿದೆ. ನನ್ನ ಸೆಕ್ಷನ್ನಿನಲ್ಲಿ ನನ್ನ ಮಾತು ನಡೆಯುತ್ತಿತ್ತು. ಆ ಶೆಡ್ಡಿಗೆ ಹೋಗಬೇಡಿ ಎಂದೆ, ಯಾರೂ ಹೋಗಲಿಲ್ಲ. ಒಂದು ವರ್ಷದೊಳಗೆ ಮೇಸ್ತ್ರಿ ಶೆಡ್ ಬಿಚ್ಚಿದರು. ನಾವು ಶಿವಮೊಗ್ಗಕ್ಕೆ ಬಂದ ಮೇಲೆ ಒಮ್ಮೆ ಆಲ್ಕೊಳ ಸರ್ಕಲ್ಲಿನ ಹತ್ತಿರ ಅವರನ್ನು ಕಂಡೆ. ಬೇರೆಯವರ ಗ್ಯಾರೇಜಿನಲ್ಲಿ ಕೂಲಿಗೆ ನಿಂತು ಯಾವುದೋ ಕಾರಿನ ಬಾನೆಟ್ ಉಜ್ಜುತ್ತಿದ್ದರು. ನಮ್ಮ ಕಾರಿನ ಗುರುತು ಹಿಡಿದು ಕೈಯೆತ್ತಿದರು. ನಾನು ಕೈಗಡಿಯಾರ ನೋಡಿಕೊಂಡೆ...

ಮೂರು ನಾಲ್ಕು ವರ್ಷಕ್ಕೊಮ್ಮೆ ಅದೇ ಜಾಗದಲ್ಲಿ ತುಕ್ಕು ಬರುತ್ತಿತ್ತು. ಪ್ರತಿ ಸಲವೂ ಹೊರಗಿನಿಂದ ತೇಪೆ ಹಾಕಿಸಿ, ಅವರನ್ನೇ ಬೈಯುತ್ತಿದ್ದೆ.

ಕಳೆದ ಭಾನುವಾರ ಮೊದಲ ಬಾರಿಗೆ ಈ ಕೆಲಸ ನಾನೇ ಮಾಡಲು ಕೂತಿದ್ದೆ. ಬಾಗಿಲಿನ ಅಡಿಯಂಚನ್ನು ಬೆರಳಿಂದ ಸವರಿದೆ. ಒಂದು ಕಡೆ ಗಟ್ಟಿ ಉಬ್ಬು ಸಿಕ್ಕಿತು. ಗೇಣು ದೂರದಲ್ಲಿ ಇನ್ನೊಂದು. ಮಲಗಿ, ಟಾರ್ಚ್ ಹಿಡಿದು ನೋಡಿದೆ. ಕಿಟಕಿ ಗಾಜಿಗೆ ಮೆತ್ತುವ ಪುಟ್ಟಿ. ಅಂಚನ್ನು ಚಾಕುವಿನಿಂದ ನೀಟಾಗಿ ಕತ್ತರಿಸಿ, ಕಾರಿನದೇ ಬಣ್ಣ ಬಳಿದಿತ್ತು. ಅಷ್ಟು ನೀಟಾಗಿ ಮಾಡುವವನು ನಮ್ಮ ಮನೆಯಲ್ಲಿ ಒಬ್ಬನೇ.

ಆಗ ನೆನಪಾಯಿತು. ಕನ್ನಡಿ ಹಾಕಿಸಿದ ತಿಂಗಳಲ್ಲೇ ಕ್ವಾರ್ಟರ್ಸಿನ ಗೋಡೆಯಿಂದ ಇರುವೆ ಸಾಲು ಹಿಡಿದು ಎಡಬಾಗಿಲಿನ ಅಡಿಯಂಚಿನ ಎರಡು ತೂತಿಗೆ ಹೋಗುತ್ತಿತ್ತು. ನಾನು ಪುಟ್ಟಿ ಮೆತ್ತಿ ಮುಚ್ಚಿದ್ದೆ. ಒಂದು ಬಾಗಿಲು ಮುಗಿಯುವಷ್ಟರಲ್ಲಿ ಸೈರನ್ ಆಯಿತು, ಕೆಲಸಕ್ಕೆ ಹೋದೆ. ಬರೆಯದೆಯೇ ಕೈಹಾಕಿ ಅರ್ಧಕ್ಕೆ ಬಿಟ್ಟ ಆ ಕೆಲಸ ಆಮೇಲೂ ಪುಸ್ತಕಕ್ಕೆ ಏರಲಿಲ್ಲ. ಏರದ್ದು ನೆನಪಿನಲ್ಲಿಯೂ ಉಳಿಯಲಿಲ್ಲ.

ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಬಗ್ಗಲಾರಳು, ಟಾರ್ಚಿನ ಬೆಳಕು ಬಿದ್ದ ಕಡೆ ನೋಡಿ ಹೇಳಿದಳು.

"ಕನ್ನಡಿ ಹಾಕಿದ ದಿನ ಮೇಸ್ತ್ರಿ ಹೇಳಿದ್ರು ಕಣ್ರೀ. ಗಾಜಿನ ಸಂದಿಯಿಂದ ಬಾಗಿಲೊಳಗೆ ನೀರು ಬರೋದನ್ನ ತಡೆಯಕ್ಕಾಗಲ್ಲಮ್ಮ, ಹೋಗಕ್ಕೆ ಕೆಳಗೆ ಎರಡು ತೂತಿದೆ, ಅದನ್ನ ಕಾಪಾಡ್ಕೊಳ್ಳಿ ಅಂತ. ನೀವು ಮುಚ್ಚಿದ್ದು ನಂಗೆ ಗೊತ್ತಿರ್ಲಿಲ್ಲ."

ಮೇಸ್ತ್ರಿಗೆ ಗೊತ್ತಾಗಿತ್ತು. ಬೆರಳು ನಿಂತ ಆ ಎರಡು ಜಾಗದಲ್ಲಿ ಅವರಿಗೆ ಎಲ್ಲವೂ ಗೊತ್ತಾಗಿತ್ತು. ಆ ನಾಲ್ವರ ಮುಂದೆ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ, ನನ್ನ ಮಾನ ಉಳಿಸಿದರು.

ಹನ್ನೊಂದು ಗಂಟೆಗೆ ಆಲ್ಕೊಳಕ್ಕೆ ಹೋದೆ, ಒಬ್ಬನೇ. ಗ್ಯಾರೇಜಿನ ಯಜಮಾನರು, ಮೇಸ್ತ್ರಿ ತೀರಿಕೊಂಡು ಮೂರು ವರ್ಷವಾಯಿತು ಎಂದರು. ಮನೆಯವರು ಎಲ್ಲಿದ್ದಾರೆ ಎಂದೆ. ಗೊತ್ತಿಲ್ಲ ಎಂದರು. ಗಾಡಿ ಕೆಲಸವೇನಾದರೂ ಇತ್ತೇ ಎಂದು ಕೇಳಿದರು. ಇಲ್ಲ ಎಂದು ಬಂದೆ.

ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಶೆಡ್ಡಿನಲ್ಲೇ ಕೂತಿದ್ದೆ. ಆಮೇಲೆ ಮೊಳೆ ತೆಗೆದುಕೊಂಡು ಪುಟ್ಟಿ ಕೆರೆದೆ. ಗಾಜಿನ ಸಂದಿಯಿಂದ ಒಂದು ಚೊಂಬು ನೀರು ಬಿಟ್ಟೆ. ಮೊದಲು ಕಂದು ನೀರು ಬಂತು, ಆಮೇಲೆ ತಿಳಿಯಾಯಿತು.

ಪುಸ್ತಕದಲ್ಲಿ ಬರೆದೆ: ಸಂಜೆ ಐದು ನಲವತ್ತು. ಎಡಬಾಗಿಲಿನ ಎರಡು ತೂತು ಬಿಡಿಸಿದೆ. ಮುಚ್ಚಿದವನು ನಾನು. ನೀರು ಹೋಯಿತು.